ಹಳೇ ಟಾರ್ಗೆಟ್ ರಿವಾಲ್ವರ್: ಕಿಂಗ್ ರಿಬ್ ಹಾಕಿಸಿದ ಕೆ-22 ಸಿಕ್ಕಿದೆ, ತಗೊಳ್ಳಲಾ ಬೇಡವಾ?

ಈರಿ ದಡ (ಓಹಾಯೋ)

ಎಲ್ಲರಿಗೂ ನಮಸ್ಕಾರ. ಪಕ್ಕದ ಊರಲ್ಲಿ ತೀರಿಕೊಂಡ ಒಬ್ಬ ಅಜ್ಜನ ಮನೆ ಸಾಮಾನು ಮಾರಾಟಕ್ಕೆ ಬಂದಿದೆ. ಅದರಲ್ಲಿ ಒಂದು ಸ್ಮಿತ್ ಅಂಡ್ ವೆಸನ್ ಕೆ-22 ಔಟ್‌ಡೋರ್ಸ್‌ಮನ್ ಇದೆ. 6 ಇಂಚು ಬ್ಯಾರೆಲ್, .22 ಲಾಂಗ್ ರೈಫಲ್ ಅನ್ನುವ ಸಣ್ಣ ತೋಟೆ ಹಾಕುವಂಥದ್ದು. ಸೀರಿಯಲ್ ನಂಬರ್ 65ರಿಂದ ಶುರುವಾಗುವ ಆರಂಕಿ, ಮುಂದೆ ಕೆ ಅಕ್ಷರ ಇಲ್ಲ. ಅಂದರೆ ಎರಡನೇ ಮಹಾಯುದ್ಧಕ್ಕೂ ಮುಂಚಿನದು.

ತೊಂದರೆ ಏನೆಂದರೆ ಇದು ಫ್ಯಾಕ್ಟರಿಯಿಂದ ಬಂದ ಹಾಗೆ ಇಲ್ಲ. ಬ್ಯಾರೆಲ್ ಮೇಲೆ ಉದ್ದಕ್ಕೂ ಕಿಂಡಿ ಕಿಂಡಿಯ ರಿಬ್ (ಲೋಹದ ಪಟ್ಟಿ) ಕೂರಿಸಿದ್ದಾರೆ. ಫ್ರಂಟ್ ಸೈಟ್‌ನಲ್ಲಿ, ಅಂದರೆ ಗುರಿ ನೋಡಲು ಮೂತಿಯ ಹತ್ತಿರ ಇರುವ ಕಡ್ಡಿಯಲ್ಲಿ, ಕೆಂಪು ಮಣಿ ಇದೆ. ಅದರ ಎದುರಿಗೆ ರಿಬ್‌ನಲ್ಲೇ ಒಂದು ಪುಟ್ಟ ಕನ್ನಡಿ! ಹ್ಯಾಮರ್‌ನ (ಹಿಂದಕ್ಕೆ ಎಳೆದರೆ ಮುಂದೆ ಬಂದು ತೋಟೆಗೆ ಬಡಿಯುವ ಭಾಗ) ತುದಿ ಒಂದು ಪಕ್ಕಕ್ಕೆ ಸೊಟ್ಟಗಿದೆ. ರಿಬ್ ಮೇಲೆ ಕಿಂಗ್ ಅಂತ ಹೆಸರು ಕೊರೆದಿದೆ. ಗ್ರಿಪ್ ಕೂಡ ಫ್ಯಾಕ್ಟರಿಯದಲ್ಲ, ಕೈಯಲ್ಲಿ ಕೆತ್ತಿದ ವಾಲ್‌ನಟ್ ಮರ, ಹೆಬ್ಬೆರಳಿಗೆ ಜಾಗ ಬಿಟ್ಟಿದ್ದಾರೆ.

ಇದನ್ನು ತಗೊಳ್ಳಲಾ? ಅಥವಾ ಯಾರೂ ಮುಟ್ಟದ ಕೆ-22 ಸಿಗುವ ತನಕ ಕಾಯಲಾ? ನನ್ನ ಹತ್ತಿರ ಈಗ ಯುದ್ಧಾನಂತರದ ಕೆ-22 ಒಂದಿದೆ ಅಷ್ಟೆ, ಅದರಲ್ಲಿ ಕ್ಲಬ್‌ಗೆ ಹೋಗಿ ಗುರಿ ಹೊಡೆಯುತ್ತೇನೆ.

ಕೆ-ಫ್ರೇಮ್ ಭಟ್ಟ (ಟೆಕ್ಸಾಸ್)

ಕಾಯಿರಿ. ನನ್ನ ಉತ್ತರ ಅಷ್ಟೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಔಟ್‌ಡೋರ್ಸ್‌ಮನ್ 1931ರಿಂದ 1940ರ ತನಕ ಬಂತು. ಸುಮಾರು 17,000 ಮಾಡಿದರು. ಹಾಗಾಗಿ ಇದು ಅಪರೂಪ ಅನ್ನುವಷ್ಟು ಅಪರೂಪವಲ್ಲ. ಒಳ್ಳೆಯದು ಸಿಗುವುದು ಕಷ್ಟ, ಆದರೆ ಸಿಗುತ್ತದೆ. ನಿಜವಾಗಿ ಕಣ್ಣಿಗೆ ಬೀಳದೇ ಇರುವುದು ಅದರ ನಂತರ 1940ರಲ್ಲಿ ಬಂದ ಮೊದಲ ಕೆ-22 ಮಾಸ್ಟರ್‌ಪೀಸ್. ಕ್ಲಿಕ್ ಕ್ಲಿಕ್ ಅಂತ ತಿರುಗಿಸುವ ಮೈಕ್ರೋಮೀಟರ್ ಸೈಟ್, ಕಡಿಮೆ ದೂರ ಹೋಗುವ ಹ್ಯಾಮರ್, ಹಿಂದಕ್ಕೆ ಅತಿಯಾಗಿ ಹೋಗದಂತೆ ತಡೆಯುವ ಟ್ರಿಗರ್, ಎಲ್ಲ ಅದರಲ್ಲೇ ಶುರುವಾಯಿತು. 1,067 ಮಾಡುವಷ್ಟರಲ್ಲಿ ಯುದ್ಧ ಬಂತು. ಕಂಪನಿಯ ಕೈಯೆಲ್ಲ ಬ್ರಿಟನ್‌ಗೆ ಸೈನ್ಯದ ರಿವಾಲ್ವರ್ ಮಾಡುವುದಕ್ಕೆ ಹೋಯಿತು. ಗುರಿಕಾರರ ಗನ್ ಯಾರಿಗೆ ಬೇಕು ಆಗ?

ಇದಕ್ಕಿಂತ ಕಷ್ಟದ್ದು ಯುದ್ಧಕ್ಕೂ ಮುಂಚಿನ ಕೆ-32, ಅಂದರೆ ಇದೇ ಥರದ .32 ಅಳತೆಯದು. ನೂರರ ಆಸುಪಾಸು ಅಷ್ಟೇ ಮಾಡಿದ್ದು. ಅದನ್ನು ಗಾಜಿನ ಆಚೆಯಿಂದ ನೋಡಿದ್ದೇನೆ, ಕೈಯಲ್ಲಿ ಹಿಡಿದಿಲ್ಲ.

ಈಗ ನಿಮ್ಮ ಗನ್ ವಿಷಯ. ರಿಬ್ ಕೂರಿಸಲು ಬ್ಯಾರೆಲ್ ಮೇಲ್ಭಾಗ ಉಜ್ಜಿದ್ದಾರೆ, ತೂತು ಕೊರೆದಿದ್ದಾರೆ. ಅದು ವಾಪಸ್ ಬರುವುದಿಲ್ಲ. ಸಂಗ್ರಹ ಅಂದರೆ ಫ್ಯಾಕ್ಟರಿ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆ ಇರುವುದನ್ನು ಉಳಿಸುವುದು. ನನ್ನ ಲೆಕ್ಕದಲ್ಲಿ ಇದು ಗುರಿ ಹೊಡೆಯಲು ಒಳ್ಳೆಯ ಗನ್, ಸಂಗ್ರಹಕ್ಕೆ ಅಲ್ಲ.

ಹತ್ತು ಸೆಕೆಂಡ್ (ಪೆನ್ಸಿಲ್ವೇನಿಯಾ)

ಭಟ್ಟರೇ, ನಿಮ್ಮ ಮಾತಿಗೆ ನನ್ನ ಪೂರ್ತಿ ವಿರೋಧ ಇದೆ. ಕ್ಷಮಿಸಿ, ಇದು ಉದ್ದ ಆಗುತ್ತದೆ.

ನಾನು ಬುಲ್ಸ್‌ಐ (ಕಪ್ಪು ವೃತ್ತದ ಗುರಿಗೆ ಹೊಡೆಯುವ ಪಂದ್ಯ) ಹೊಡೆಯುವವಳು. ಆ ಆಟ ಗೊತ್ತಿಲ್ಲದೆ ಈ ಗನ್‌ಗಳು ಅರ್ಥ ಆಗುವುದಿಲ್ಲ. ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿ. ಮೊದಲು 50 ಗಜ ದೂರಕ್ಕೆ ನಿಧಾನವಾಗಿ. ಆಮೇಲೆ 25 ಗಜಕ್ಕೆ 20 ಸೆಕೆಂಡಿನಲ್ಲಿ ಐದು ಗುಂಡು. ಕೊನೆಗೆ ಅದೇ 25 ಗಜಕ್ಕೆ 10 ಸೆಕೆಂಡಿನಲ್ಲಿ ಐದು.

ಆ ಕೊನೆಯದನ್ನು ರಿವಾಲ್ವರ್‌ನಲ್ಲಿ ಯೋಚಿಸಿ ನೋಡಿ. ಪ್ರತಿ ಗುಂಡಿಗೂ ಹೆಬ್ಬೆರಳಿನಲ್ಲಿ ಹ್ಯಾಮರ್ ಎಳೆಯಬೇಕು. ಎಳೆಯುವಾಗ ಹಿಡಿತ ಸಡಿಲ ಆಗುತ್ತದೆ. ಮತ್ತೆ ಹಿಡಿತ ಸರಿಮಾಡಿಕೊಂಡು, ಸೈಟ್ ಕೂಡಿಸಿಕೊಂಡು, ಮೆತ್ತಗೆ ಟ್ರಿಗರ್ ಒತ್ತಬೇಕು. ಎರಡು ಸೆಕೆಂಡಿನಲ್ಲಿ ಇಷ್ಟೆಲ್ಲ! ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೋದ ಕಿಂಗ್ ಗನ್ ಸೈಟ್ ಕಂಪನಿ ಹ್ಯಾಮರ್ ತುದಿಯನ್ನು ಅಗಲ ಮಾಡಿ ಸೊಟ್ಟ ಮಾಡಿಕೊಡುತ್ತಿತ್ತು. ಹೆಬ್ಬೆರಳು ಹುಡುಕದೇ ಸಿಗಲಿ ಅಂತ. ಹ್ಯಾಮರ್ ಹಿಂದೆ ಹೋಗುವ ದೂರವನ್ನೂ ಕಡಿಮೆ ಮಾಡುತ್ತಿದ್ದರು. ಬಯಲಿನಲ್ಲಿ ಮೋಡ ಬಂದರೆ ಕಪ್ಪು ಸೈಟ್ ಕಪ್ಪು ಬುಲ್ ಮೇಲೆ ಮಾಯ ಆಗುತ್ತದೆ. ಆ ಪುಟ್ಟ ಕನ್ನಡಿ ಆಕಾಶದ ಬೆಳಕನ್ನು ಕೆಂಪು ಮಣಿಗೆ ಎತ್ತಿಕೊಡುತ್ತದೆ. ರಿಬ್ ಬ್ಯಾರೆಲ್‌ಗೆ ತೂಕ ಕೊಡುತ್ತದೆ, ಮೂತಿ ಅಲುಗುವುದು ಕಡಿಮೆ.

ಈಗ ಭಟ್ಟರು ಹೊಗಳಿದ 1940ರ ಮಾಸ್ಟರ್‌ಪೀಸ್ ನೋಡಿ. ಹ್ಯಾಮರ್ ದೂರ ಕಡಿಮೆ. ಸೈಟ್ ಒಳ್ಳೆಯದು. ಯುದ್ಧದ ನಂತರ ಬಂದದ್ದರಲ್ಲಿ ಬ್ಯಾರೆಲ್ ಮೇಲೆ ರಿಬ್ ಕೂಡ ಬಂತು. ಅಂದರೆ 1930ರ ದಶಕದಲ್ಲಿ ಗುರಿಕಾರರು ದುಡ್ಡು ಕೊಟ್ಟು ಹೊರಗೆ ಮಾಡಿಸುತ್ತಿದ್ದ ಕೆಲಸವನ್ನೇ ಫ್ಯಾಕ್ಟರಿ ಆಮೇಲೆ ತಾನೇ ಮಾಡಿತು. ಹಾಗಿದ್ದ ಮೇಲೆ ಕಿಂಗ್ ಕೆಲಸದ ಕೆ-22 ಕೆಟ್ಟುಹೋದ ಗನ್ ಹೇಗೆ ಆಗುತ್ತದೆ? ಆ ಬದಲಾವಣೆ ಹುಟ್ಟಿದ್ದೇ ಅಲ್ಲಿ.

ನನ್ನ ಅಳತೆ ಬೇರೆ. ಯಾರು ಬದಲಾಯಿಸಿದರು, ಯಾವಾಗ, ಯಾಕೆ? ಈ ಮೂರಕ್ಕೂ ಉತ್ತರ ಸಿಕ್ಕರೆ ಆ ಗನ್ ಇತಿಹಾಸ. ಸಿಗದಿದ್ದರೆ ಯಾರೋ ಗ್ಯಾರೇಜಿನಲ್ಲಿ ಫೈಲ್ ಹಾಕಿ ಹಾಳು ಮಾಡಿದ್ದು. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ ಅನ್ನುವುದು ನಿಜ.

ಈರಿ ದಡ ಅವರೇ, ಆ ಗ್ರಿಪ್ ಚಿತ್ರ ಹಾಕಿ. ಕ್ಯಾಂಪ್ ಪೆರ್ರಿ ನಿಮಗೆ ಹತ್ತಿರ ಅಲ್ವಾ? ರಾಷ್ಟ್ರೀಯ ಪಂದ್ಯಗಳು 1907ರಿಂದ ಅಲ್ಲಿ ನಡೆದಿವೆ. ಅಜ್ಜ ಅಲ್ಲಿಗೆ ಹೋಗಿದ್ದರೇನೋ. ಮನೆಯವರನ್ನು ಕೇಳಿ ನೋಡಿ, ಸ್ಕೋರ್ ಪುಸ್ತಕ, ಪದಕ, ಕ್ಲಬ್ ಕಾರ್ಡ್ ಏನಾದರೂ ಇದೆಯಾ ಅಂತ. ಸಾಮಾನ್ಯವಾಗಿ ಅವೆಲ್ಲ ಕಸದ ಬುಟ್ಟಿಗೆ ಹೋಗುತ್ತವೆ, ಗನ್ ಮಾತ್ರ ಉಳಿಯುತ್ತದೆ.

ಕೋಲ್ಟ್ ಪಕ್ಷ (ಅರಿಜೋನಾ)

ಸ್ಮಿತ್‌ನವರ ಜಗಳ ನಡೆಯಲಿ, ನಾನು ಸುಮ್ನೆ ಬೆಂಕಿಗೆ ಎಣ್ಣೆ ಹಾಕಿ ಹೋಗುತ್ತೇನೆ. ಗುರಿ ರಿವಾಲ್ವರ್ ಅಂದರೆ ಕೋಲ್ಟ್ ಆಫೀಸರ್ಸ್ ಮಾಡೆಲ್. 1904ರಿಂದ ಇದೆ. ಟ್ರಿಗರ್ ಒತ್ತಿ ಹಿಡಿದಾಗ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಕೂದಲೆಳೆಯಷ್ಟೂ ಅಲುಗುವುದಿಲ್ಲ. ಸ್ಮಿತ್‌ನಲ್ಲಿ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ.

ಅಪರೂಪದ್ದೇ ಬೇಕು ಅನ್ನುವವರು ಕೋಲ್ಟ್‌ನ ಕ್ಯಾಂಪ್ ಪೆರ್ರಿ ಮಾಡೆಲ್ ನೋಡಿ. ಆಫೀಸರ್ಸ್ ಮಾಡೆಲ್‌ನ ಫ್ರೇಮ್. ಆದರೆ ಸಿಲಿಂಡರ್ ಜಾಗದಲ್ಲಿ ಒಂದೇ ಗುಂಡು ಕೂರುವ ಚಪ್ಪಟೆ ತುಂಡು. ಸಿಲಿಂಡರ್ ಥರವೇ ಪಕ್ಕಕ್ಕೆ ತೆರೆಯುತ್ತದೆ! 1920ರ ದಶಕದ ಕೊನೆಯಿಂದ 1941ರ ತನಕ ಸುಮಾರು 2,500 ಮಾಡಿದರು. ಮೊದಲು 10 ಇಂಚು ಬ್ಯಾರೆಲ್, ಆಮೇಲೆ 8. ಇನ್ನೂ ಹಿಂದಕ್ಕೆ ಹೋದರೆ ಕೋಲ್ಟ್‌ನ ಹಳೇ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರ್‌ನ ಫ್ಲ್ಯಾಟ್‌ಟಾಪ್ ಟಾರ್ಗೆಟ್ ಮಾದರಿ. 1888ರಿಂದ 1896ರ ಒಳಗೆ ಸಾವಿರಕ್ಕೂ ಕಡಿಮೆ. ಅದಕ್ಕೆ ದುಡ್ಡು ಹೊಂದಿಸುವಷ್ಟರಲ್ಲಿ ನನ್ನ ಮಕ್ಕಳ ಕಾಲೇಜು ಫೀಸು ಬಂತು, ಆ ವಿಷಯ ಬಿಡಿ.

ಒಂದು ಎಚ್ಚರಿಕೆ ಮಾತ್ರ. ಹಳೇ ಕೋಲ್ಟ್‌ನಲ್ಲಿ ಸಿಲಿಂಡರ್ ತಿರುಗಿಸುವ ಹ್ಯಾಂಡ್ ಅನ್ನುವ ಭಾಗವೇ ಅದನ್ನು ಬಿಗಿಯಾಗಿ ಒತ್ತಿ ಹಿಡಿಯುವುದು. ಹೊಡೆದಷ್ಟೂ ಅದು ಸವೆಯುತ್ತದೆ. ಆಮೇಲೆ ಟೈಮಿಂಗ್ ತಪ್ಪುತ್ತದೆ, ಅಂದರೆ ಗುಂಡಿನ ಕೋಣೆ ಸರಿಯಾದ ಹೊತ್ತಿಗೆ ಬ್ಯಾರೆಲ್‌ಗೆ ನೇರ ಬಂದು ಕೂರುವುದಿಲ್ಲ. ಅದನ್ನು ಸರಿಮಾಡಬಲ್ಲ ಹಳೇ ಕೈಗಳು ಈಗ ತುಂಬಾ ಕಡಿಮೆ. ತಗೊಳ್ಳುವ ಮುಂಚೆ ಹ್ಯಾಮರ್ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಹೋಗುವ ಹೊತ್ತಿಗೆ ಸಿಲಿಂಡರ್ ಕಟ್ ಅಂತ ಕೂತಿರಬೇಕು. ಆರೂ ಕೋಣೆಗೂ ಹಾಗೇ ನೋಡಿ. ಮೊದಲು ಖಾಲಿ ಇದೆಯಾ ಅಂತ ಎರಡು ಸಲ ನೋಡುವುದು, ಮಾಲೀಕರ ಅನುಮತಿ ಕೇಳುವುದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಎಚ್-1ಬಿ ಹುಡುಗ (ನ್ಯೂಜೆರ್ಸಿ)

ಅಣ್ಣಂದಿರೇ, ಅಕ್ಕಂದಿರೇ, ಒಂದು ಅಡ್ಡ ಪ್ರಶ್ನೆ. ನಾನು ಇನ್ನೂ ಎಚ್-1ಬಿಯಲ್ಲಿ ಇದ್ದೇನೆ. ಈ ಹಳೇ ಗನ್ ಒಂದು ತಗೊಳ್ಳಬಹುದಾ? 1930ರದ್ದು ಅಂದರೆ ಆ್ಯಂಟಿಕ್ ಅಲ್ವಾ?

ಕೆ-ಫ್ರೇಮ್ ಭಟ್ಟ (ಟೆಕ್ಸಾಸ್)

ತಮ್ಮಾ, ಇದರಲ್ಲಿ ತಮಾಷೆ ಬೇಡ. ಇಲ್ಲಿಯ ಕೇಂದ್ರ ಕಾನೂನಿನಲ್ಲಿ ವಲಸಿಗರಲ್ಲದ ವೀಸಾ ಮೇಲೆ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿ ಇವೆ. ಅದನ್ನು ನಂಬಿಕೊಂಡು ನೀನೇ ತೀರ್ಮಾನ ಮಾಡಬೇಡ, ವಕೀಲರನ್ನು ಕೇಳು. ರೇಂಜ್‌ನಲ್ಲಿ ಬಾಡಿಗೆ ಗನ್ ಹಿಡಿಯುವುದಕ್ಕೂ ಇದೇ ಅನ್ವಯ. ಎಷ್ಟೋ ಹುಡುಗರು ಗೆಳೆಯರ ಜೊತೆ ಹೋಗಿ ಫೋಟೋ ಹಾಕಿಕೊಳ್ಳುತ್ತಾರೆ, ಇದು ಗೊತ್ತೇ ಇರುವುದಿಲ್ಲ. ನಿನ್ನ ಹಸಿರು ಕಾರ್ಡಿಗಿಂತ ಯಾವ ಕೆ-22 ದೊಡ್ಡದಲ್ಲ. ಅದು ಬಂದ ಮೇಲೂ ನ್ಯೂಜೆರ್ಸಿಯ ರಾಜ್ಯ ಕಾನೂನು ಬಿಗಿಯಾದದ್ದು, ಅದನ್ನು ಬೇರೆಯಾಗಿ ನೋಡಬೇಕು.

ಆ್ಯಂಟಿಕ್ ವಿಷಯ: ಕೇಂದ್ರ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುಂಚೆ ಮಾಡಿದ್ದು ಮಾತ್ರ ಆ್ಯಂಟಿಕ್. 1930ರದ್ದಲ್ಲ. 50 ವರ್ಷ ದಾಟಿದ್ದಕ್ಕೆ ಕ್ಯೂರಿಯೋ ಅಂಡ್ ರೆಲಿಕ್ ಅನ್ನುತ್ತಾರೆ. ಅದಕ್ಕೆ ಸಂಗ್ರಾಹಕರ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಅದು ಇದ್ದರೆ ಬೇರೆ ರಾಜ್ಯದಿಂದಲೂ ಹಳೇ ಗನ್ ನೇರ ಮನೆಗೆ ತರಿಸಬಹುದು, ನಿಮ್ಮ ರಾಜ್ಯ ಒಪ್ಪಿದರೆ. ಬಂದದ್ದು, ಹೋದದ್ದು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವ್ಯಾಪಾರ ಮಾಡುವಂತಿಲ್ಲ.

ಎಚ್-1ಬಿ ಹುಡುಗ (ನ್ಯೂಜೆರ್ಸಿ)

ಅಯ್ಯೋ, ರೇಂಜ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಧನ್ಯವಾದ ಅಣ್ಣ. ಸದ್ಯಕ್ಕೆ ನಿಮ್ಮ ಚಿತ್ರ ನೋಡಿಕೊಂಡು ಇರುತ್ತೇನೆ.

ಥೇಮ್ಸ್ ದಂಡೆ (ಇಂಗ್ಲೆಂಡ್)

ನೀವೆಲ್ಲ ಪುಣ್ಯವಂತರು. ಡನ್‌ಬ್ಲೇನ್ ಶಾಲೆಯಲ್ಲಿ ಆದ ಘೋರ ಘಟನೆಯ ನಂತರ 1997ರಲ್ಲಿ ಇಲ್ಲಿ ಕೈಬಂದೂಕು ಇಟ್ಟುಕೊಳ್ಳುವುದನ್ನು ಬಹುತೇಕ ನಿಲ್ಲಿಸಿಬಿಟ್ಟರು. ಅದು ಬೇಕಿತ್ತು ಅಂತಲೇ ಇಲ್ಲಿ ಹೆಚ್ಚಿನವರ ಅಭಿಪ್ರಾಯ, ಆ ವಾದಕ್ಕೆ ನಾನು ಹೋಗುವುದಿಲ್ಲ. ಇತಿಹಾಸದ ಮಹತ್ವ ಇರುವ ಕೆಲವು ರಿವಾಲ್ವರ್‌ಗಳನ್ನು ಬಿಸ್ಲಿಯಂಥ ಗೊತ್ತುಮಾಡಿದ ಜಾಗದಲ್ಲಿ ಬೀಗ ಹಾಕಿ ಇಟ್ಟು, ಅಲ್ಲೇ ಹೋಗಿ ಹೊಡೆದು ಬರಬಹುದು. ಮನೆಗೆ ತರುವಂತಿಲ್ಲ. ಹಳೇ ಕಾಲದ, ಗುಂಡು ಸಿಗದ ಅಳತೆಗಳಿಗೆ ಬೇರೆ ಪಟ್ಟಿ ಇದೆ. 2021ರಲ್ಲಿ ಆ ಪಟ್ಟಿಯಿಂದಲೂ .44 ರಷ್ಯನ್ ಸೇರಿ ಕೆಲವನ್ನು ತೆಗೆದರು. ಎಷ್ಟೋ ಜನರ ಹಳೇ ಸ್ಮಿತ್ ನಂಬರ್ 3 ರಿವಾಲ್ವರ್ ಒಂದೇ ಸಲಕ್ಕೆ ಲೈಸೆನ್ಸ್ ಬೇಕಾದ ವಸ್ತು ಆಗಿಬಿಟ್ಟಿತು.

ಬಿಸ್ಲಿ ಹೆಸರು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಕೋಲ್ಟ್‌ನ ಬಿಸ್ಲಿ ಮಾಡೆಲ್‌ಗೆ ಹೆಸರು ಬಂದದ್ದು ಇದೇ ಮೈದಾನದಿಂದ. 1890ರಲ್ಲಿ ಪಂದ್ಯಗಳು ವಿಂಬಲ್ಡನ್ನಿನಿಂದ ಇಲ್ಲಿಗೆ ಬಂದವು. ಇಲ್ಲಿ ರಿವಾಲ್ವರ್‌ಗೆ ಹೆಸರಾಗಿದ್ದವನು ವಾಲ್ಟರ್ ವಿನಾನ್ಸ್. ಅಮೆರಿಕದ ಪ್ರಜೆ, ಹುಟ್ಟಿದ್ದು ರಷ್ಯಾದಲ್ಲಿ, ಬಾಳಿದ್ದು ಇಂಗ್ಲೆಂಡಿನಲ್ಲಿ. 1908ರ ಒಲಿಂಪಿಕ್ಸ್‌ನಲ್ಲಿ ಓಡುವ ಜಿಂಕೆಯ ಗುರಿ ಹೊಡೆದು ಚಿನ್ನ. 1912ರಲ್ಲಿ ಮತ್ತೊಂದು ಚಿನ್ನ, ಅದು ಶಿಲ್ಪಕ್ಕೆ! ಆಗ ಒಲಿಂಪಿಕ್ಸ್‌ನಲ್ಲಿ ಕಲೆಗೂ ಪದಕ ಇತ್ತು.

ಅವನು ವೆಬ್ಲಿ-ಫಾಸ್ಬರಿಯನ್ನೂ ಹೊಡೆದಿದ್ದಾನೆ. ಅದು ಎಂಥ ವಿಚಿತ್ರ ಗನ್ ಗೊತ್ತಾ? ರಿವಾಲ್ವರ್ರೇ, ಆದರೆ ಗುಂಡು ಹಾರಿದಾಗ ಮೇಲಿನ ಅರ್ಧ ಹಿಂದಕ್ಕೆ ಜಾರುತ್ತದೆ. ಸಿಲಿಂಡರ್ ಮೇಲೆ ಕೊರೆದ ಅಂಕುಡೊಂಕು ಗೀರಿನಲ್ಲಿ ಒಂದು ಮೊಳೆ ಓಡುತ್ತದೆ. ಹ್ಯಾಮರ್ ತಾನೇ ಎತ್ತಿಕೊಳ್ಳುತ್ತದೆ, ಸಿಲಿಂಡರ್ ತಾನೇ ತಿರುಗುತ್ತದೆ. ಮೇಲೆ ಅಕ್ಕ ಹೇಳಿದ ಹೆಬ್ಬೆರಳಿನ ಕಷ್ಟವೇ ಇಲ್ಲ. 1901ರಿಂದ 1924ರ ತನಕ ಬಂತು, 5,000 ಮುಟ್ಟಲಿಲ್ಲ. ಕೈ ಗಟ್ಟಿ ಹಿಡಿಯದಿದ್ದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮಣ್ಣು ಧೂಳಿಗೆ ಆಗುತ್ತಿರಲಿಲ್ಲ. ಸೈನ್ಯ ಒಪ್ಪಲಿಲ್ಲ, ಗುರಿಕಾರರು ಒಪ್ಪಿದರು. ಇದನ್ನು ಮಾಡಿದ ಜಾರ್ಜ್ ಫಾಸ್ಬರಿ ಬಂಗಾಳ ಸೈನ್ಯದಲ್ಲಿ ಇದ್ದವನು. 1863ರ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಸಿಕ್ಕಿತ್ತು.

ಕಾಫಿ ಕಣಿವೆ (ಮಡಿಕೇರಿ)

ವೆಬ್ಲಿ ಹೆಸರು ಕೇಳಿ ಬಂದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದು ಒಂದಿದೆ. ಅವರು ಒಬ್ಬ ಬಿಳಿ ತೋಟದ ದೊರೆಯಿಂದ ತಗೊಂಡದ್ದಂತೆ. .455, ಉದ್ದ ಬ್ಯಾರೆಲ್, ಏಳೂವರೆ ಇಂಚು ಇರಬಹುದು. ಹಿಂದಿನ ಸೈಟ್ ಪಕ್ಕಕ್ಕೆ ಸರಿಸಬಹುದು. ನಡುವೆ ಮಡಚಿ ತೆರೆದರೆ ಖಾಲಿ ತೋಟೆಗಳು ಎದ್ದು ಬರುತ್ತವೆ. ಮೇಲೆ ಡಬ್ಲ್ಯು ಜಿ ಅಂತ ಅಕ್ಷರ ಇದೆ. ತಂದೆ ಹೆಸರಿನಲ್ಲಿ ಕಾಗದಪತ್ರ ಸರಿ ಇತ್ತು, ಅವರು ಹೋದ ವರ್ಷ ತೀರಿಕೊಂಡರು. ಈಗ ಡೀಲರ್ ಹತ್ತಿರ ಒಪ್ಪಿಸಿದ್ದೇವೆ. ಇದನ್ನು ಅಮೆರಿಕಕ್ಕೆ ಮಾರಬಹುದಾ ಅಂತ ಅಳಿಯ ಕೇಳುತ್ತಾನೆ. ನನಗಂತೂ ಮನಸ್ಸಿಲ್ಲ.

ಥೇಮ್ಸ್ ದಂಡೆ (ಇಂಗ್ಲೆಂಡ್)

ಅಣ್ಣಾ, ಅದು ವೆಬ್ಲಿ ಡಬ್ಲ್ಯು ಜಿ ಟಾರ್ಗೆಟ್! ಬಿಸ್ಲಿಯಲ್ಲಿ ಒಂದು ಕಾಲದಲ್ಲಿ ಎಲ್ಲೆಲ್ಲೂ ಅದೇ. ದಯವಿಟ್ಟು ಪಾಲಿಶ್ ಮಾಡಿಸಬೇಡಿ. ನಿಕಲ್ ಮಾಡಿಸೋಣ, ಹೊಳೆಯಲಿ ಅಂತ ಯಾರಾದರೂ ಹೇಳಿದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ದೂಳು ಕಡತ (ಬೆಂಗಳೂರು)

ಮಡಿಕೇರಿ ಸರ್, ಕಾನೂನಿನ ಕಡೆಯಿಂದ ನಾಲ್ಕು ಮಾತು. ಹೊರದೇಶಕ್ಕೆ ಮಾರುವ ಆಸೆ ಬಿಡುವುದೇ ಒಳ್ಳೆಯದು. .455 ನಮ್ಮಲ್ಲಿ ನಿಷೇಧಿತ ಬೋರ್. ಅದರ ಲೈಸೆನ್ಸ್ ಡಿಸಿ ಕಚೇರಿಯಲ್ಲಿ ಆಗುವುದಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಎಲ್ಲಿ ನೋಡಿದರೂ .32 ರಿವಾಲ್ವರ್ ಇರುವುದಕ್ಕೆ ಇದೇ ಕಾರಣ. ಸೈನ್ಯ, ಪೊಲೀಸರ ಅಳತೆಯಾದ .38, .455 ಜನರಿಗೆ ಸಿಗದಂತೆ ಮಾಡಿದ್ದರಿಂದ ಕಾನ್ಪುರದ ಕಾರ್ಖಾನೆಯೂ .32ನ್ನೇ ಮಾಡಿತು.

ಇನ್ನೊಂದು. 2019ರ ತಿದ್ದುಪಡಿಯ ನಂತರ ಒಬ್ಬರ ಲೈಸೆನ್ಸ್‌ನಲ್ಲಿ ಎರಡೇ ಗನ್. ಮುಂಚೆ ಮೂರಿತ್ತು. ಹಾಗಾಗಿ ನಮ್ಮಲ್ಲಿ ಇವರ ಥರ ಸಂಗ್ರಹ ಅನ್ನುವ ಮಾತೇ ಇಲ್ಲ. ರಿಪೇರಿ ಮಾಡಿದರೂ ಹಾರದಂಥ, ಹಳೇ ಮಾದರಿಯ ಆಯುಧಕ್ಕೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ನಿಮ್ಮದು ಕೆಲಸ ಮಾಡುವ ಗನ್, ಅದಕ್ಕೆ ಬರುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ 2029ರ ತನಕ ಮುಂದುವರಿದಿದೆ. ಆದರೆ ಯಾವ ಆಯುಧ, ಎಷ್ಟು ಅನ್ನುವುದನ್ನು ವಿನಾಯಿತಿ ಪತ್ರದಲ್ಲೇ ಓದಿ ನೋಡಿ. ಅದಿದೆ ಅಂತ ರಿವಾಲ್ವರ್ ಮನೆಗೆ ತರಬೇಡಿ.

ಕಾಫಿ ಕಣಿವೆ (ಮಡಿಕೇರಿ)

ಸರಿ ಸರ್. ಹಾಗಾದರೆ ಅರ್ಜಿ ಹಾಕುತ್ತೇವೆ, ಆದಾಗ ಆಗಲಿ. ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆ) ದಿನ ಕೋವಿಗಳ ಜೊತೆ ಅದನ್ನೂ ಇಟ್ಟು ತೋಕ್ ಪೂ (ಕೋವಿ ಹೂ) ಏರಿಸುತ್ತಿದ್ದರು ಅಪ್ಪ. ಈ ಸಲ ಜಾಗ ಖಾಲಿ ಇತ್ತು.

ತುಕ್ಕಿನ ಬಗ್ಗೆ ಯಾರಾದರೂ ಹೇಳಿ. ಪ್ರತಿ ಎಲೆಕ್ಷನ್‌ಗೂ ಠಾಣೆಗೆ ಒಪ್ಪಿಸಬೇಕಿತ್ತು. ವಾಪಸ್ ಬರುವಾಗ ಒಂದು ಹೊಸ ಗೀರು, ಒಂದು ಕೆಂಪು ಚುಕ್ಕೆ ಗ್ಯಾರಂಟಿ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ.

ಹತ್ತು ಸೆಕೆಂಡ್ (ಪೆನ್ಸಿಲ್ವೇನಿಯಾ)

ಅಂಕಲ್, ಮೊದಲನೆಯದಾಗಿ ಚರ್ಮದ ಹೋಲ್‌ಸ್ಟರ್‌ನಲ್ಲಿ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಹದ ಮಾಡುವಾಗ ಹಾಕಿದ ಉಪ್ಪು, ಆಮ್ಲ ಅದರಲ್ಲೇ ಇರುತ್ತದೆ. ತುಕ್ಕಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಡೀಲರ್‌ಗೆ ಹೇಳಿ ತೆಳುವಾಗಿ ಎಣ್ಣೆ ಸವರಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಇಡಿಸಿ. ಜೆಲ್ ಆಗಾಗ ಬಿಸಿ ಮಾಡಿ ಒಣಗಿಸಬೇಕು. ಕೆಂಪು ಚುಕ್ಕೆ ಬಂದರೆ ಎಣ್ಣೆ ಬಿಟ್ಟು ಮೆತ್ತಗೆ ಉಜ್ಜಿ, ಉಪ್ಪುಕಾಗದ ಬೇಡವೇ ಬೇಡ.

ಬ್ಯಾರೆಲ್ ಒಳಗೆ ಗುಳಿ ಗುಳಿ ಇದ್ದರೂ ಬೇಜಾರು ಮಾಡಿಕೊಳ್ಳಬೇಡಿ. ಆ ಕಾಲದ ತೋಟೆಯ ಪ್ರೈಮರ್ (ಮೊದಲು ಕಿಡಿ ಹೊತ್ತಿಸುವ ಮದ್ದು) ಉರಿದ ಮೇಲೆ ಒಂದು ಥರ ಉಪ್ಪು ಉಳಿಯುತ್ತಿತ್ತು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಗೆ ಹೋಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಬಿಸಿನೀರು ಹುಯ್ದು ತೊಳೆದವರ ಗನ್ ಉಳಿಯಿತು, ಬರೀ ಎಣ್ಣೆ ಹಚ್ಚಿದವರದ್ದು ಹಾಳಾಯಿತು. ಅಮೆರಿಕದಲ್ಲಿ ತುಕ್ಕು ಹಿಡಿಸದ .22 ತೋಟೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕಿಂತ ಹಳೇ .22 ಟಾರ್ಗೆಟ್ ಗನ್‌ಗಳಲ್ಲಿ ಹೊರಗೆ ಥಳಥಳ, ಒಳಗೆ ಗುಳಿ. ದೀಪ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಈರಿ ದಡ (ಓಹಾಯೋ)

ಚಿತ್ರ ಹಾಕಿದ್ದೇನೆ. ಮತ್ತೆ ಹೋಗಿ ನೋಡಿಕೊಂಡು ಬಂದೆ. ಬ್ಯಾರೆಲ್ ಒಳಗೆ ಸ್ವಚ್ಛ. ಹ್ಯಾಮರ್, ಟ್ರಿಗರ್ ಎರಡೂ ನೀಲಿ ಅಲ್ಲ, ಬೂದು-ಕಂದು ಬಣ್ಣ ಮೋಡದ ಥರ ಇದೆ. ಸಿಲಿಂಡರ್‌ನ ಹಿಂಭಾಗದಲ್ಲಿ ತೋಟೆಯ ಅಂಚು ಒಳಗೆ ಕೂರುವ ಹಾಗೆ ಕೊರೆದಿದೆ. ಅವರು ಗ್ರಿಪ್ ಬಿಚ್ಚಲು ಬಿಟ್ಟರು. ಒಳಗೆ ಫ್ರೇಮ್ ಮೇಲೆ ಏನೂ ದಿನಾಂಕ ಇಲ್ಲ. ಬುಡದಲ್ಲಿ ನಂಬರ್ ಪಕ್ಕ ನಕ್ಷತ್ರವೂ ಇಲ್ಲ. ಗ್ರಿಪ್ ಮರದ ಒಳಗಡೆ ಪೆನ್ಸಿಲ್‌ನಲ್ಲಿ ಏನೋ ಬರೆದಿದ್ದಾರೆ, ಓದಲು ಆಗಲಿಲ್ಲ.

ಕೆ-ಫ್ರೇಮ್ ಭಟ್ಟ (ಟೆಕ್ಸಾಸ್)

ಒಳ್ಳೆಯ ಕೆಲಸ ಮಾಡಿದಿರಿ. ಹೊಸಬರಿಗೆ ಉಪಯೋಗ ಆಗಲಿ ಅಂತ ಇದರ ಅರ್ಥ ಹೇಳುತ್ತೇನೆ.

ಸ್ಮಿತ್‌ನಲ್ಲಿ ಹ್ಯಾಮರ್, ಟ್ರಿಗರ್‌ಗೆ ಆಗ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ಬಣ್ಣ) ಮಾಡುತ್ತಿರಲಿಲ್ಲ, ಬೇರೆ ಥರ ಗಟ್ಟಿ ಮಾಡುತ್ತಿದ್ದರು. ಆ ಮೋಡದ ಬಣ್ಣ ಅದರದ್ದು. ಅವೂ ಕಡುನೀಲಿ ಇದ್ದರೆ ಯಾರೋ ಇಡೀ ಗನ್ನನ್ನು ಮತ್ತೆ ಬಣ್ಣ ಮಾಡಿದ್ದಾರೆ ಅಂತ ಲೆಕ್ಕ. ಇನ್ನೊಂದು ಗುರುತು ಸ್ಕ್ರೂ ತೂತಿನ ಅಂಚು. ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದರೆ ಅಂಚು ತಟ್ಟೆಯ ಹಾಗೆ ಇಳಿದಿರುತ್ತದೆ, ಅಕ್ಷರಗಳು ಮಸುಕಾಗಿರುತ್ತವೆ. ನಂಬರ್ ಪಕ್ಕ ನಕ್ಷತ್ರದ ಗುರುತು ಇದ್ದರೆ ದೊಡ್ಡ ಕೆಲಸಕ್ಕೆ ಫ್ಯಾಕ್ಟರಿಗೆ ವಾಪಸ್ ಹೋಗಿತ್ತು ಅಂತ. ಆಗ ತಿಂಗಳು, ವರ್ಷವನ್ನು ಗ್ರಿಪ್ ಕೆಳಗೆ ಒತ್ತುತ್ತಿದ್ದರು. ತೋಟೆಯ ಅಂಚಿಗೆ ಗುಂಡಿ ಇರುವುದರಿಂದ ಇದು 1935ರ ಆಸುಪಾಸು ಅಥವಾ ನಂತರದ್ದು. ಜೋರಿನ .22 ತೋಟೆ ಬಂದಾಗ ಅಂಚು ಸೀಳಿ ಮುಖಕ್ಕೆ ಬಡಿಯದಿರಲಿ ಅಂತ ಹಾಗೆ ಮಾಡಿದರು.

ಇನ್ನು ನಂಬರ್ ಹೊಂದಿಸಿ ನೋಡುವುದು. ಬುಡದಲ್ಲಿ ಇರುವ ನಂಬರ್ರೇ ಸಿಲಿಂಡರ್ ಹಿಂಭಾಗ, ಬ್ಯಾರೆಲ್ ಕೆಳಗೆ, ಎಕ್ಸ್‌ಟ್ರಾಕ್ಟರ್ (ಖಾಲಿ ತೋಟೆ ಎತ್ತುವ ನಕ್ಷತ್ರಾಕಾರದ ಭಾಗ) ಹಿಂದೆ, ಯೋಕ್ (ಸಿಲಿಂಡರ್ ಪಕ್ಕಕ್ಕೆ ತೆರೆಯುವ ತೋಳು) ಮೇಲೆ ಇರಬೇಕು. ಫ್ಯಾಕ್ಟರಿ ಗ್ರಿಪ್ ಆಗಿದ್ದರೆ ಬಲಗಡೆಯದರ ಒಳಗೂ ಇರುತ್ತಿತ್ತು. ಬ್ಯಾರೆಲ್ ನಂಬರ್ ಬೇರೆ ಆಗಿದ್ದರೆ ನಾನಂತೂ ಮುಂದೆ ಮಾತೇ ಆಡುವುದಿಲ್ಲ.

ಫ್ಯಾಕ್ಟರಿ ಲೆಟರ್ (ಕಂಪನಿಯ ಹಳೇ ದಾಖಲೆ ನೋಡಿ ಬರೆದುಕೊಡುವ ಪತ್ರ) ತರಿಸಿ. ಯಾವ ದಿನ, ಯಾವ ಅಂಗಡಿಗೆ ಹೋಯಿತು, ಏನು ಬಣ್ಣ, ಎಷ್ಟು ಬ್ಯಾರೆಲ್ ಅನ್ನುವುದು ಬರುತ್ತದೆ. ಕಿಂಗ್ ಮಾಡಿದ ಕೆಲಸ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ, ಅದು ಗನ್ ಮಾರಿದ ಮೇಲೆ ಆದದ್ದು. ನಾನು ಯಾಕೆ ಹಿಂಜರಿಯುತ್ತೇನೆ ಅಂದರೆ ಇದಕ್ಕೇ. ಕಾಗದ ಒಂದು ಹೇಳುತ್ತದೆ, ಕೈಯಲ್ಲಿ ಇರುವುದು ಇನ್ನೊಂದು. ಉದಾಹರಣೆಗೆ ಸ್ಮಿತ್‌ನವರೇ ಗಿರಾಕಿ ಹೇಳಿದ ಹಾಗೆ ಮಾಡಿಕೊಡುತ್ತಿದ್ದ ರಿಜಿಸ್ಟರ್ಡ್ ಮ್ಯಾಗ್ನಮ್ ರಿವಾಲ್ವರ್ ತಗೊಳ್ಳಿ. 1935ರಲ್ಲಿ ಮೊದಲನೆಯದು ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್‌ಗೆ ಹೋಯಿತು. ಮೂರೂವರೆಯಿಂದ ಎಂಟೂಮುಕ್ಕಾಲು ಇಂಚಿನ ತನಕ, ಕಾಲು ಕಾಲು ಇಂಚಿನ ಲೆಕ್ಕದಲ್ಲಿ ಎಷ್ಟು ಬೇಕೋ ಅಷ್ಟು ಬ್ಯಾರೆಲ್. ಸೈಟ್ ನಿಮ್ಮ ಇಷ್ಟ. ಜೊತೆಗೆ ನೋಂದಣಿ ಪತ್ರ. ಜನ ಊಟಕ್ಕೆ ಪರದಾಡುತ್ತಿದ್ದ ಕಾಲದಲ್ಲಿ 60 ಡಾಲರ್! ಸುಮಾರು 5,500 ಆದವು. ಅಲ್ಲಿಯೂ ಬದಲಾವಣೆ ಇದೆ, ಆದರೆ ಪ್ರತಿಯೊಂದೂ ಕಾಗದದಲ್ಲಿದೆ. ನನಗೆ ಇಷ್ಟ ಅದು.

ಕೋಲ್ಟ್ ಪಕ್ಷ (ಅರಿಜೋನಾ)

ಅಂದರೆ ಸ್ಮಿತ್‌ನವರೇ ಸೊಟ್ಟ ಮಾಡಿದರೆ ಇತಿಹಾಸ, ಕಿಂಗ್ ಮಾಡಿದರೆ ಪಾಪ. ಭೇಷ್.

ಹತ್ತು ಸೆಕೆಂಡ್ (ಪೆನ್ಸಿಲ್ವೇನಿಯಾ)

ನಗು ಬಂತು. ಆದರೆ ಭಟ್ಟರ ಮಾತಲ್ಲಿ ಒಂದು ತೂಕ ಇದೆ, ಕಾಗದ ಇಲ್ಲದ ಕಥೆಗೆ ದುಡ್ಡು ಕೊಡಬಾರದು. ಗನ್ ಶೋಗೆ ಹೋದರೆ ಪ್ರತಿ ಹಳೇ 22/32ಕ್ಕೂ (.32ರ ಫ್ರೇಮ್ ಮೇಲೆ ಮಾಡಿದ ಸ್ಮಿತ್‌ನ .22 ರಿವಾಲ್ವರ್) ಬೆಕರ್ಟ್ ಅಂತ ಚೀಟಿ ಅಂಟಿಸಿರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಫಿಲ್ ಬೆಕರ್ಟ್ ಕೇಳಿಕೊಂಡಿದ್ದಕ್ಕೆ 1911ರಲ್ಲಿ ಆ ಮಾಡೆಲ್ ಶುರುವಾಯಿತು, ನಿಜ. ಮೊದಮೊದಲಿನವಕ್ಕೆ ಗ್ರಿಪ್ ಮರದ ಬುಡದಲ್ಲಿ ಬೇರೆ ನಂಬರ್ ಒತ್ತಿರುತ್ತದೆ. ಆಮೇಲೆ ಸಾವಿರಾರು ಬಂದವು, ಅವೆಲ್ಲ ಬರೀ 22/32. ಚೀಟಿಗೆ ದುಡ್ಡು ಜಾಸ್ತಿ ಕೊಡಬೇಡಿ.

ಹಾಗೇ ಅಮೆರಿಕದಲ್ಲಿ ವೆಬ್ಲಿ ಹುಡುಕುವವರು ಸಿಲಿಂಡರ್ ಹಿಂಭಾಗ ನೋಡಿ. .45 ಆಟೋ ಗುಂಡು ಹಾಕಲು ಎಷ್ಟೋ ಗನ್‌ಗಳ ಸಿಲಿಂಡರ್ ಹೆರೆದಿದ್ದಾರೆ. ಆ ಗುಂಡಿನ ಒತ್ತಡ ಹಳೇ ವೆಬ್ಲಿಗೆ ಜಾಸ್ತಿ. ಅದು ಮಾತ್ರ ಇತಿಹಾಸ ಅಲ್ಲ, ಅಪಾಯ. ಅಂಥ ಬದಲಾವಣೆಯ ಪರ ನಾನು ಎಂದೂ ಮಾತಾಡುವುದಿಲ್ಲ.

ಈರಿ ದಡ ಅವರೇ, ನೀವು ಹೊಡೆಯುವ ಯುದ್ಧಾನಂತರದ ಕೆ-22ನ್ನು ಕೀಳಾಗಿ ನೋಡಬೇಡಿ. ಅದರ ಜೊತೆಗೆ ಕೆ-32, ಕೆ-38 ಮಾಡಿದಾಗ ಮೂರಕ್ಕೂ ಗುಂಡು ತುಂಬಿದ ತೂಕ ಒಂದೇ ಬರುವಂತೆ ಬ್ಯಾರೆಲ್, ರಿಬ್ ಅಳತೆ ಹೊಂದಿಸಿದರು. ಮೂವತ್ತೆಂಟೂವರೆ ಔನ್ಸ್, ಅಂದರೆ ಸುಮಾರು 1,090 ಗ್ರಾಂ. .22ರಲ್ಲಿ ಅಭ್ಯಾಸ ಮಾಡಿದ ಕೈಗೆ .38 ಹಿಡಿದರೂ ವ್ಯತ್ಯಾಸ ಗೊತ್ತಾಗಬಾರದು ಅಂತ. ಹತ್ತು ವರ್ಷದಲ್ಲಿ ಆಟೋಮ್ಯಾಟಿಕ್ ಪಿಸ್ತೂಲುಗಳು ಬಂದು ಪಂದ್ಯದಲ್ಲಿ ಹೆಚ್ಚಿನವರು ರಿವಾಲ್ವರ್ ಬಿಟ್ಟರು. ಅಷ್ಟು ನಾಜೂಕಿನ ಕೆಲಸ ಮುಗಿದ ಹೊತ್ತಿಗೆ ಆಟವೇ ಬದಲಾಯಿತು.

ಈರಿ ದಡ (ಓಹಾಯೋ)

ಸುದ್ದಿ ಇದೆ. ಅಜ್ಜನ ಮಗಳ ಹತ್ತಿರ ಮಾತಾಡಿದೆ. ನೆಲಮಾಳಿಗೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದನ್ನು ಬೇರೆ ರಾಶಿಗೆ ಹಾಕಿದ್ದರು. ಒಳಗೆ ಎರಡು ಸ್ಕೋರ್ ಪುಸ್ತಕ, 1938ರಿಂದ 1941ರ ತನಕ. ಗನ್ನಿನ ನಂಬರ್ ಮೊದಲ ಪುಟದಲ್ಲೇ ಬರೆದಿದ್ದಾರೆ. ಕಿಂಗ್ ಕಂಪನಿಯ ಬಿಲ್ ಕೂಡ ಇದೆ, ರಿಬ್, ಸೈಟ್, ಹ್ಯಾಮರ್ ಎಲ್ಲ ಬಿಡಿಬಿಡಿಯಾಗಿ. ಬಿಲ್ಲಿನ ಮುಂಚೆಯ ಮತ್ತು ನಂತರದ ಸ್ಕೋರ್ ನೋಡಿದೆ. ನಿಧಾನದ ಹೊಡೆತದಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ. ಹತ್ತು ಸೆಕೆಂಡಿನದು ಮಾತ್ರ ಏರುತ್ತಾ ಹೋಗಿದೆ.

ಗನ್, ಪೆಟ್ಟಿಗೆ, ಪುಸ್ತಕ ಎಲ್ಲ ಸೇರಿಸಿ ಒಂದೇ ಬೆಲೆಗೆ ಮಾತಾಡಿದೆ. ತಗೊಂಡೆ. ಬ್ಯಾರೆಲ್ ನಂಬರ್ ಹೊಂದುತ್ತದೆ ಭಟ್ಟರೇ. ಲೆಟರ್‌ಗೆ ಬರೆಯುತ್ತೇನೆ.

ಗ್ರಿಪ್ ಒಳಗಿನ ಪೆನ್ಸಿಲ್ ಬರಹವನ್ನು ಮಗಳು ಓದಿದರು. ರೋಪರ್ ಅಂತೆ.

ಹತ್ತು ಸೆಕೆಂಡ್ (ಪೆನ್ಸಿಲ್ವೇನಿಯಾ)

ಬಿಲ್ ಸಮೇತ!! ಆ ಪುಸ್ತಕದ ಪುಟಗಳನ್ನು ದಯವಿಟ್ಟು ಸ್ಕ್ಯಾನ್ ಮಾಡಿ ಇಡಿ. ಪೆಟ್ಟಿಗೆಯಿಂದ ಬೇರೆ ಮಾಡಬೇಡಿ, ಮುಂದೆ ಎಂದಾದರೂ ಮಾರಿದರೂ ಒಟ್ಟಿಗೇ ಹೋಗಲಿ.

ಕೋಲ್ಟ್ ಪಕ್ಷ (ಅರಿಜೋನಾ)

ರೋಪರ್ ಅಂದರೆ ಗೊತ್ತಿಲ್ಲದವರಿಗೆ: ವಾಲ್ಟರ್ ರೋಪರ್ ಆ ಕಾಲದ ಗುರಿಕಾರರಿಗೆ ಕೈ ಅಳತೆಗೆ ಗ್ರಿಪ್ ಮಾಡಿಸಿಕೊಡುತ್ತಿದ್ದ. ಈಗ ಬರೀ ಗ್ರಿಪ್‌ಗೇ ಜನ ಕಿತ್ತಾಡುತ್ತಾರೆ. ಭಟ್ಟರು ಯಾಕೋ ಸುಮ್ಮನಿದ್ದಾರೆ.

ಕೆ-ಫ್ರೇಮ್ ಭಟ್ಟ (ಟೆಕ್ಸಾಸ್)

ಅಭಿನಂದನೆ. ಬಿಲ್ ಇದ್ದರೆ ವಿಷಯ ಬೇರೆ, ಒಪ್ಪುತ್ತೇನೆ. ಆದರೂ ನನ್ನ ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ.

ನನ್ನ ಹತ್ತಿರ ಯುದ್ಧಪೂರ್ವದ ಫ್ಯಾಕ್ಟರಿ ವಾಲ್‌ನಟ್ ಗ್ರಿಪ್ ಒಂದು ಜೊತೆ ಹೆಚ್ಚಿಗೆ ಇದೆ, ಬೆಳ್ಳಿ ಬಣ್ಣದ ಲಾಂಛನ ಸಮೇತ. ಆ ರೋಪರ್‌ಗೆ ಬದಲಿಯಾಗಿ ಕೊಡುತ್ತೇನೆ, ಮೇಲೆ ಏನಾದರೂ ಸೇರಿಸಿ. ಯೋಚನೆ ಮಾಡಿ ನೋಡಿ.

ಹತ್ತು ಸೆಕೆಂಡ್ (ಪೆನ್ಸಿಲ್ವೇನಿಯಾ)

ಕೊಡಬೇಡಿ!